ನಾಲ್ಕನೆಯ ಪ್ಲಗ್ಗು

ಎಂಜಿನ್ನಿನ ಮೂರು ಸ್ಪಾರ್ಕ್ ಪ್ಲಗ್ಗುಗಳು ಬಿಚ್ಚುವ ಪಾನಾ ಹಚ್ಚಿದ ಕೂಡಲೇ ಸಡಿಲಾಗಿ ಹೊರಗೆ ಬಂದವು. ನಾಲ್ಕನೆಯದು ಬರಲಿಲ್ಲ. ಬಸಲಿಂಗಯ್ಯ ಪಾನಾದ ಹಿಡಿಕೆಗೆ ಸಿಕ್ಕಿಸಿದ್ದ ಕಬ್ಬಿಣದ ಕೊಳವೆಯನ್ನು ತೆಗೆದು ಪಕ್ಕಕ್ಕಿಟ್ಟ. ಇನ್ನಷ್ಟು ಜೋರು ಮಾಡಿದರೆ ಪ್ಲಗ್ಗು ಮುರಿದು ಅರ್ಧ ಎಂಜಿನ್ನಿನಲ್ಲೇ ಉಳಿಯುತ್ತದೆಂದು ಅವನ ಕೈಗೆ ಗೊತ್ತಾಗಿತ್ತು.

ಜೈನಾಪುರದ ಗುಡುಸಾಬನ ಮನೆಯ ಮುಂದೆ, ಬೇವಿನ ಮರದಡಿ, ಅವನು ತೀರಿಕೊಂಡ ದಿನದಿಂದ ಅವನ ಟ್ರಕ್ಕು ಕದಲಿರಲಿಲ್ಲ. ಪೆಟ್ರೋಲ್ ಮೇಲೆ ಓಡುವ ಹಳೆಯ ಗಾಡಿ. ಮಗ ರಿಜ್ವಾನ ಡೀಸೆಲ್ ಪಿಕಪ್ ತಂದಿದ್ದ; ಅದನ್ನು ನಿಲ್ಲಿಸಲು ಅವನಿಗೆ ಅದೇ ನೆರಳು ಬೇಕಿತ್ತು. ಸಂಜೆಗೆ ಜೋರಾಪುರ ಪೇಟೆಯಿಂದ ಗುಜರಿಯವರು ಬರುವವರಿದ್ದರು. ಅಷ್ಟರೊಳಗೆ ಗಾಡಿ ಸುರುವಾದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಕೊಯ್ದು ಒಯ್ಯಲಿ ಎಂದು ತಾಯಿ ಮಗನ ನಡುವೆ ಮಾತಾಗಿತ್ತು. ಅದಕ್ಕೇ ಮದೀನಾಬಿ, ಗಂಡನ ಹಳೆಯ ಗೆಳೆಯನಾದ ತಿಕೋಟಾದ ಮೆಕ್ಯಾನಿಕ್ ಬಸಲಿಂಗಯ್ಯನನ್ನು ಕರೆಸಿದ್ದಳು. ಅವನು ಬೆಳಿಗ್ಗೆಯೇ ಬಂದು ಕಾರ್ಬುರೇಟರ್ ತೊಳೆದು, ಹೊಸ ಬ್ಯಾಟರಿ ಕೂಡಿಸಿದ್ದ; ಹೊಸ ಪ್ಲಗ್ಗುಗಳನ್ನೂ ತಂದಿದ್ದ.

ಗಾಡಿ ಓಡುವುದು ಮದೀನಾಬಿಗೆ ಬೇಕಿರಲಿಲ್ಲ. ಅವಳಿಗೆ ಅದರ ಸಪ್ಪಳ ಬೇಕಿತ್ತು. ದ್ರಾಕ್ಷಿಯನ್ನೋ ಉಳ್ಳಾಗಡ್ಡಿಯನ್ನೋ ಹೇರಿಕೊಂಡು ವಿಜಯಪುರಕ್ಕೆ ಹೋದ ಗುಡುಸಾಬ ತಿರುಗಿ ಬರುವಾಗ ಊರ ಹೊರಗಿನ ತಿರುವಿನಲ್ಲೇ ಆ ಸಪ್ಪಳ ಕೇಳುತ್ತಿತ್ತು. ಅದು ಕಿವಿಗೆ ಬಿದ್ದ ಮೇಲೆಯೇ ಅವಳು ಒಲೆಯ ಮೇಲೆ ಹಂಚಿಡುತ್ತಿದ್ದುದು. ಅವನು ಕೈಕಾಲು ತೊಳೆದು ಕೂಡುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ಆರಿದ ರೊಟ್ಟಿಯನ್ನು ಅವನು ಮುಟ್ಟುತ್ತಿರಲಿಲ್ಲ.

ಬಸಲಿಂಗಯ್ಯ ಪ್ಲಗ್ಗಿನ ಬುಡಕ್ಕೆ ಡೀಸೆಲ್ ಬೆರೆಸಿದ ಆಯಿಲ್ ಬಿಟ್ಟು ಬೇವಿನ ಬುಡದಲ್ಲಿ ಕೂತ. ರಿಜ್ವಾನನಿಗೆ ತಡೆಯಲಾಗಲಿಲ್ಲ, ಕೊಳವೆ ಹಾಕಿ ಒಮ್ಮೆ ಜಗ್ಗಿಬಿಡಬಾರದೇಕೆ ಎಂದು ಕೇಳಿದ.

"ಮುರೀತೈತೋ ತಮ್ಮಾ. ನಿಮ್ಮಪ್ಪನ ಗಾಡಿ ಇದು, ಅವನಂಗ ಹಟಮಾರಿ ಐತಿ. ರಮಿಸಿ ತಗೀಬೇಕು."

ಎಣ್ಣೆ ಇಳಿಯುವ ತನಕ ಅವನು ಬಿಚ್ಚಿದ ಮೂರು ಪ್ಲಗ್ಗುಗಳನ್ನು ಅಂಗೈಯಲ್ಲಿಟ್ಟುಕೊಂಡು ತಿರುವಿ ನೋಡಿದ. ಮೂರರ ತಿರುಪಿನ ಸುತ್ತುಗಳಲ್ಲೂ ಕಪ್ಪು ಗ್ರೀಸು ಇನ್ನೂ ಮೆತ್ತಗೆ ಉಳಿದಿತ್ತು. ದ್ರಾಕ್ಷಿ ಹಂಗಾಮು ಮುಗಿದು ಗಾಡಿ ಕೆಲವು ವಾರ ನಿಲ್ಲುವ ಮೊದಲು ಗುಡುಸಾಬ ಒಂದೊಂದೇ ಪ್ಲಗ್ಗು ಬಿಚ್ಚಿ, ಗ್ರೀಸು ಹಚ್ಚಿ, ಮತ್ತೆ ಕೂಡಿಸುತ್ತಿದ್ದುದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಬಾನೆಟ್ ಎತ್ತಿದಾಗ ಗುಡುಸಾಬನ ಪಾನಾ ಎಂಜಿನ್ನಿನ ಮೇಲೆಯೇ ತುಕ್ಕು ಹಿಡಿದು ಬಿದ್ದಿದ್ದು ಈಗ ನೆನಪಾಯಿತು.

"ಭಾಬಿ, ಈ ಮೂರಕ್ಕ ಗ್ರೀಸ್ ಹಚ್ಚ್ಯಾನ. ಅದೊಂದಕ್ಕ ಹಚ್ಚಿಲ್ಲ," ಎಂದ. "ಗುಡುಸಾಬ ಅರ್ಧಾ ಕೆಲಸಾ ಬಿಟ್ಟ ಏಳೂ ಮನಷ್ಯಾ ಅಲ್ಲಲ್ಲ."

ಮದೀನಾಬಿ ಊಟಕ್ಕೆ ಕರೆಯಲೆಂದು ರೊಟ್ಟಿಯ ಬುಟ್ಟಿ ಹಿಡಿದುಕೊಂಡೇ ಹೊಸ್ತಿಲಿಗೆ ಬಂದಿದ್ದಳು.

"ನಾನ ಕರದಿದ್ದೆ, ಅಯ್ಯಾರ. ರೊಟ್ಟಿ ಆರತಾವ, ಬರ್ರಿ ಅಂದೆ. ಒಂದ ಉಳದೈತಿ, ಉಂಡ ಮಾಡತೇನಿ ಅಂತ ಎದ್ದ ಬಂದ್ರು."

ಆ ದಿನ ಉಂಡು ಅಡ್ಡಾದ ಗುಡುಸಾಬ ಮತ್ತೆ ಏಳಲಿಲ್ಲ. ಮರುದಿನ ಮಣ್ಣಿಗೆ ಬಂದವರಲ್ಲಿ ಬಸಲಿಂಗಯ್ಯನೂ ಇದ್ದ. ಅವನು ಎದ್ದು ಪಾನಾ ಹಿಡಿದ.

ಈ ಸಲ ಅವನು ಜಗ್ಗಲಿಲ್ಲ. ಕೂದಲೆಳೆಯಷ್ಟು ಬಿಚ್ಚುವ ಕಡೆಗೆ, ಮತ್ತೆ ಅಷ್ಟೇ ಬಿಗಿಯುವ ಕಡೆಗೆ. ಒಂದು ಹನಿ ಎಣ್ಣೆ, ಮತ್ತೆ ಅತ್ತ, ಮತ್ತೆ ಇತ್ತ. ಬೇವಿನ ನೆರಳು ಗಾಲಿಯಿಂದ ಜರುಗಿ ಗೋಡೆಗೆ ಹೋಯಿತು. ರಿಜ್ವಾನನ ಫೋನಿಗೆ ಗುಜರಿಯವರ ಕರೆ ಬಂತು. ಅಥಣಿ ರಸ್ತೆಯಲ್ಲಿ ಒಂದು ಕೆಲಸ ಮುಗಿಸಿ ಹೊರಡುತ್ತೇವೆ ಅಂದರು. ಆಗ ಎಂಜಿನ್ನಿನಲ್ಲಿ ಕಿರ್ ಎಂದಿತು. ಬಸಲಿಂಗಯ್ಯ ಕಣ್ಣು ಮುಚ್ಚಿಕೊಂಡು ತಿರುವಿದ. ತುಕ್ಕು ತಿಂದು ಕೆಂಪಾದ ಪ್ಲಗ್ಗು ಮುರಿಯದೆ, ಇಡಿಯಾಗಿ ಹೊರಗೆ ಬಂತು.

ರಿಜ್ವಾನ ಹಗುರಾದ. "ಬಂತಲ್ಲ ಕಾಕಾ, ಇನ್ನೇನ. ಹೊಸಾವು ಉಂಡ ಕೂಡ್ಸೂಣು ಏಳ್ರಿ, ರೊಟ್ಟಿ ಆರತಾವ."

ಬಸಲಿಂಗಯ್ಯ ಕೈ ಒರೆಸಿಕೊಳ್ಳಲು ಅರಿವೆಗೆ ಬಾಗಿದ.

"ಕೂಡ್ಸೇ ಏಳ್ರಿ," ಎಂದಳು ಮದೀನಾಬಿ. "ರೊಟ್ಟಿ ಆರಲಿ."

ಅವಳು ಬುಟ್ಟಿಯನ್ನು ಅಂಗಳದ ಕಲ್ಲಿನ ಮೇಲಿಟ್ಟು, ಬಟ್ಟೆ ಮುಚ್ಚಿ, ಪಕ್ಕದಲ್ಲೇ ಕೂತಳು. ಬಸಲಿಂಗಯ್ಯ ನಾಲ್ಕೂ ಹೊಸ ಪ್ಲಗ್ಗುಗಳಿಗೆ ಗ್ರೀಸು ಹಚ್ಚಿ ಕೂಡಿಸಿದ. ರಿಜ್ವಾನ ಒಳಗೆ ಹತ್ತಿ ಕೀಲಿ ತಿರುವಿದ. ಗಾಡಿ ಕೆಮ್ಮಿ ಸುಮ್ಮನಾಯಿತು, ಮತ್ತೆ ಕೆಮ್ಮಿತು, ಮರದ ಎಲೆಗಳಿಗೆ ಮುಟ್ಟುವಂತೆ ಕಪ್ಪು ಹೊಗೆ ಬಿಟ್ಟು, ಮೈಯೆಲ್ಲ ನಡುಗಿಸಿ, ಅದೇ ಹಳೆಯ ಸಪ್ಪಳದೊಂದಿಗೆ ಸುರುವಾಯಿತು.

ಬಸಲಿಂಗಯ್ಯ ನಗುತ್ತ ಹಿಂದಿರುಗಿ ನೋಡಿದ. ಕಲ್ಲಿನ ಮೇಲೆ ಮದೀನಾಬಿ ಇರಲಿಲ್ಲ. ಬುಟ್ಟಿ ತುಂಬ ರೊಟ್ಟಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಅವನು ಹೊಸ್ತಿಲ ತನಕ ಹೋಗಿ ಇಣುಕಿದ.

ಅವಳು ಹಂಚನ್ನು ಒಲೆಯ ಮೇಲಿಟ್ಟು ಹಿಟ್ಟು ನಾದುತ್ತಿದ್ದಳು.