ಮುನಿದವರ ನೆರಳು

ರಾಯಚೂರಿನ ಆಕಾಶಕ್ಕೆ ಹೊರದೇಶದವರು ಹಾಸಿಕೊಟ್ಟಿದ್ದ ನೆರಳಿನ ಹಾಳೆಯನ್ನು ಮಧ್ಯಾಹ್ನ ಅವರೇ ಮತ್ತೆ ಸರಿಸಿದರು. ಅವರ ಯುದ್ಧದ ಪರವಾಗಿ ನಮ್ಮ ಸರ್ಕಾರ ಕೈ ಎತ್ತಿರಲಿಲ್ಲವಂತೆ.

ಅವರು ಮುನಿದ ದಿನ ಓಣಿಯವರೆಲ್ಲ ಸಂಡಿಗೆ ಹಾಕುವುದು ರೂಢಿ. ಬಸಲಿಂಗಮ್ಮನೂ ಮಾಳಿಗೆಯ ಮೇಲೆ ಸಂಡಿಗೆ ಹಾಕಿ, ಅಕ್ಕನ ಕೊಡೆ ಹಿಡಿದು ಕಾಗೆ ಕಾಯುತ್ತ ಕೂತಳು. ಹೋದ ಸಲ ನೆರಳು ಸರಿದಾಗ ಅಕ್ಕ ಬಿಸಿಲು ಬಡಿದು ಸತ್ತಿದ್ದಳು.

ನೆರಳಿನ ಕಚೇರಿಯ ವಿದೇಶಿ ನೌಕರ ಮನೆಮನೆಗೂ ಕ್ಷಮೆ ಕೇಳುತ್ತ ಮಾಳಿಗೆ ಹತ್ತಿ ಬಂದ. ಮುಖವೆಲ್ಲ ಒಣಮೆಣಸಿನಕಾಯಿಯಂತೆ ಕೆಂಪಾಗಿತ್ತು.

"ಕ್ಷಮಿಸಿ ಅಮ್ಮ, ಇದು ಮೇಲಿನವರ ನಿರ್ಧಾರ."

"ಇದರಾಗ ನಿಂದೇನೈತಿ? ಹಿಡಕೋ," ಎಂದು ಬಸಲಿಂಗಮ್ಮ ಕೊಡೆ ಚಾಚಿ, ತಾನು ತಲೆಗೆ ಸೆರಗು ಹೊದ್ದಳು.

ಅವನು ಹಿಂಜರಿದ.

"ಅಂಜಬ್ಯಾಡ ಯಪ್ಪಾ. ನನಗ ಸಿಟ್ಟು ಬಂದ್ರೂ ವಾಪಸ್ ಕಸಗೊಳ್ಳಂಗಿಲ್ಲ."