ಹನ್ನೊಂದನೇ ಮನೆಯವರು

ಗುನ್ವೋರ್ ಅಜ್ಜಿ ತಮ್ಮ ಪುಸ್ತಕದಲ್ಲಿ ‘2017’ ಎಂದು ಬರೆದು, ಪಕ್ಕದಲ್ಲೊಂದು ಗೀಟೆಳೆದು, ಮುಂದೆ ಜಾಗ ಖಾಲಿ ಬಿಟ್ಟಾಗ ಅರ್ಜುಮಂದ್ ಆ ಖಾಲಿ ಜಾಗವನ್ನೇ ನೋಡಿದಳು. ಸ್ವೀಡನ್ನಿನ ಮಾಲ್ಮೋ ನಗರಕ್ಕೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವರೇ ತುಂಬಿದ್ದ ಆ ಪುಟ್ಟ ಊರಿನಲ್ಲಿ ಯಾವ ಮನೆಗೆ ಯಾರು ಯಾವಾಗ ಬಂದರು, ಯಾವಾಗ ಬಿಟ್ಟುಹೋದರು ಎಂಬುದನ್ನೆಲ್ಲ ಅಜ್ಜಿ ನಲವತ್ತು ವರ್ಷಗಳಿಂದ ಬರೆದಿಡುತ್ತಿದ್ದರು. ಅದನ್ನೆಲ್ಲ ಈಗ ಹೊಸ ಪುಸ್ತಕಕ್ಕೆ ಇಳಿಸುತ್ತಿದ್ದ ಅವರಿಗೆ ಇವತ್ತು ಅರ್ಜುಮಂದಳ ಹನ್ನೊಂದನೇ ಮನೆಯ ಸರದಿ.

“ಈ ಖಾಲಿ ಜಾಗವನ್ನು ನಿನ್ನ ಮೊಮ್ಮಕ್ಕಳು ತುಂಬಲಿ,” ಎಂದು ಅಜ್ಜಿ ಸ್ವೀಡಿಷ್‌ನಲ್ಲಿ ಹೇಳಿ ನಕ್ಕರು. ಅರ್ಜುಮಂದಳ ಗಂಡ ತಾರಿಕ್‌ನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಆ ಕೆಲಸದ ಮೇಲೆ ಸಿಕ್ಕಿದ್ದ ವಾಸದ ಪರವಾನಗಿಯೂ ರದ್ದಾಗಿ, ದೇಶ ಬಿಡಬೇಕೆಂಬ ಪತ್ರ ನಿನ್ನೆ ಬಂದಿತ್ತು. ಇಲ್ಲೇ ಹುಟ್ಟಿ ಬೆಳೆದ ಏಳು ವರ್ಷದ ಮಗಳು ಮಹೀನ್‌ಗೆ ಅದನ್ನು ಹೇಳುವ ಧೈರ್ಯ ಇಬ್ಬರಿಗೂ ಬಂದಿರಲಿಲ್ಲ.

ಆ ಪುಸ್ತಕದಲ್ಲಿ ಸುಳ್ಳು ಉಳಿಸಿಹೋಗಲು ಅರ್ಜುಮಂದಳಿಗೆ ಮನಸ್ಸಾಗಲಿಲ್ಲ. ಅಜ್ಜಿಯ ಕೈಯಿಂದ ಪೆನ್ನು ತೆಗೆದುಕೊಂಡು ಗೀಟಿನ ಮುಂದೆ ‘2025’ ಎಂದು ಬರೆದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು.

ಮಹೀನ್ ಪುಸ್ತಕದ ಮೇಲೆ ಬಗ್ಗಿದಳು. “ಅಮ್ಮಿ, ತಪ್ಪು ಬರ್ದಿದೀಯ. ಅಲ್ಲಿ ಊರು ಬಿಟ್ಟು ಹೋದವರ ವರ್ಷ ಬರೀಬೇಕು.”

“ಗೊತ್ತು, ಬೇಟಾ,” ಎಂದಳು ಅರ್ಜುಮಂದ್.