ಉಳಿದ ಲೋಡ್

ಸುಭಾಸ ಎಲೆಕ್ಟ್ರಿಕ್ ಕಾರಿಗೆ ಚಾರ್ಜರ್ ಹಚ್ಚಿದೊಡನೆ ಇನ್ವರ್ಟರ್ ಮತ್ತೆ ಚೀರಿ ಬಂದ್ ಆಯಿತು. ಸಾಲೋಟಗಿಯ ಆ ತೋಟದ ಮನೆಗೆ ಸೋಲಾರ್ ಬಿಟ್ಟರೆ ಬೇರೆ ಕರೆಂಟಿಲ್ಲ. ಫ್ರಿಜ್, ಫ್ಯಾನ್, ಪಂಪು ಎಲ್ಲ ಆರಿಸಿ, ಕಾರಿನ ಪ್ಲಗ್ಗನ್ನೂ ಕಿತ್ತು ಇನ್ವರ್ಟರ್ ಚಾಲೂ ಮಾಡಿದ. ಆದರೂ ಅದರ ಪರದೆಯ ಮೇಲೆ ಲೋಡ್ ತೋರಿಸುತ್ತಿತ್ತು; ಇನ್ನೂ ಏನೋ ಕರೆಂಟು ಎಳೆಯುತ್ತಿತ್ತು.

ಅಪ್ಪನ ಕೋಣೆಯಲ್ಲಿ ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಿತ್ತು. ಅಪ್ಪನನ್ನು ಮಣ್ಣು ಮಾಡಿ ವಾರವಾಗಿತ್ತು. ಯಂತ್ರದ ನಳಿಕೆ ಖಾಲಿ ದಿಂಬಿನ ಮೇಲಿತ್ತು. ಅವ್ವ ಮಂಚದ ಪಕ್ಕದ ಚಾಪೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು.

"ಯವ್ವಾ, ಇದನ್ನ ಇಂಡಿ ದವಾಖಾನಿಗೆ ವಾಪಸ್ ಕೊಡಾಕಂತನ ಕಾರು ಚಾರ್ಜ್ ಮಾಡಾಕತ್ತೇನಿ. ಬಂದ್ ಮಾಡ್ಲಾ?"

"ಮುಂಜಾನಿಂದ ಅದು ನಿಂತಾಗೊಮ್ಮಿ ಎಚ್ಚರಾಗಾಕತ್ತೈತಿ," ಎಂದಳು. "ನಿಮ್ಮಪ್ಪಗ ಏನಾತೋ ಅಂತ."

ಸುಭಾಸ ಸ್ವಿಚ್ಚಿನ ಮೇಲಿಟ್ಟ ಬೆರಳು ತೆಗೆದ. ಹೊರಗೆ ಹೋಗಿ ಕಾರಿನ ಕೇಬಲ್ಲನ್ನು ಸುರುಳಿ ಸುತ್ತಿಟ್ಟ.